ಧರ್ಮರಾಯನ ಗುಡಿಯನ್ನು ಕಾಯುವವರು: ತಿಗಳರಪೇಟೆಯ ಒಂದು ಪ್ರಕರಣ ಅಧ್ಯಯನ

ಬೆಂಗಳೂರಿನ ತಿಗಳರಪೇಟೆಯ ಶ್ರೀ ಧರ್ಮರಾಯಸ್ವಾಮಿ ದೇವಸ್ಥಾನದ ಮಾತು ಬಂದಾಗಲೆಲ್ಲ ಮೊದಲು ಏಳುವ ಪ್ರಶ್ನೆ ಅದರ ವಯಸ್ಸಿನದು. ಎಂಟುನೂರು ವರ್ಷದ ಗುಡಿ ಎಂದು ಸಮುದಾಯದ ಹಿರಿಯರು ಹೇಳಿಕೊಂಡು ಬಂದಿದ್ದಾರೆ. ಕೆಂಪೇಗೌಡರು ಕೋಟೆ ಪೇಟೆ ಕಟ್ಟಿಸಿದ್ದು 1537ರಲ್ಲಿ. ಹಿರಿಯರ ಲೆಕ್ಕ ಹಿಡಿದರೆ ಗುಡಿ ಪೇಟೆಗಿಂತ ಹಳೆಯದು. ಹಿಡಿಯದಿದ್ದರೆ ಪೇಟೆಯ ಜೊತೆಗೋ ಅದರ ನಂತರವೋ ಬಂದದ್ದು. ಈ ಚರ್ಚೆಯಲ್ಲಿ ಹುರುಪು ಜಾಸ್ತಿ, ಫಲ ಕಡಿಮೆ. ನನಗೆ ಅದಕ್ಕಿಂತ ದೊಡ್ಡದೆನಿಸುವ ಪ್ರಶ್ನೆ ಇನ್ನೊಂದಿದೆ. ಈ ಗುಡಿಯನ್ನು ನಂಬಿದವರು ತೋಟಗಾರರು. ಅವರ ತೋಟಗಳು ಹೋದವು. ಗುಡಿಯ ಮುಖ್ಯ ಆಚರಣೆ ನಿಂತಿರುವುದು ನೀರಿನ ಮೇಲೆ, ಕೆರೆಗಳು ಹೋದವು. ಸುತ್ತಲಿನ ಪೇಟೆಯೇ ಗುರುತು ಸಿಗದಷ್ಟು ಬದಲಾಯಿತು. ಆದರೂ ಚೈತ್ರ ಹುಣ್ಣಿಮೆಯ ರಾತ್ರಿ ಕರಗ, ಅಂದರೆ ದ್ರೌಪದಿಯ ಶಕ್ತಿಯೆಂದು ನಂಬಿ ಹೂವಿನಿಂದ ಅಲಂಕರಿಸಿ ತಲೆಯ ಮೇಲೆ ಹೊರುವ ಕಲಶ, ಹೊರಡುವುದು ನಿಂತಿಲ್ಲ. ಇದು ಹೇಗಾಯಿತು, ಯಾರಿಂದಾಯಿತು ಎಂಬುದೇ ಈ ಬರಹದ ವಿಷಯ.

ಕೊನೆಗೆ ಹೇಳಬೇಕಾದದ್ದನ್ನು ಈಗಲೇ ಹೇಳಿಬಿಡುತ್ತೇನೆ. ಈ ಗುಡಿ ಉಳಿದದ್ದು ಯಾರೋ ಒಬ್ಬರು ಕಟ್ಟಿಸಿ ಉಂಬಳಿ ಬಿಟ್ಟದ್ದರಿಂದ ಅಲ್ಲ. ಹೊಣೆಯನ್ನು ಹತ್ತಾರು ಮನೆಗಳಿಗೆ ಹಂಚಿಟ್ಟು, ಯಾರೊಬ್ಬರ ಕೈಗೂ ಪೂರ್ತಿ ಸಿಗದ ಹಾಗೆ ಮಾಡಿದ್ದರಿಂದ.

ಗುಡಿಗಿಂತ ಮೊದಲು ಹುಟ್ಟಿದ ಕಾವಲಿನವರು

ನಮ್ಮ ನಾಡಿನ ಸ್ಥಳಪುರಾಣಗಳಿಗೆ ಒಂದು ರೂಢಿಯ ದಾರಿ ಇದೆ. ಹುತ್ತದ ಮೇಲೆ ಹಸು ಹಾಲು ಸುರಿಸುತ್ತದೆ, ದನಗಾಹಿ ನೋಡುತ್ತಾನೆ, ಅಗೆದರೆ ಲಿಂಗ ಸಿಗುತ್ತದೆ. ಇಲ್ಲವೇ ಪಾಳೆಗಾರನ ಕನಸಿನಲ್ಲಿ ದೇವರು ಬಂದು ಗುಡಿ ಕಟ್ಟಿಸು ಎನ್ನುತ್ತಾನೆ. ಧರ್ಮರಾಯನ ಗುಡಿಯ ಕಥೆ ಈ ದಾರಿಯಲ್ಲಿ ಹೋಗುವುದೇ ಇಲ್ಲ. ಅದರಲ್ಲಿ ಕನಸು ಬಿದ್ದ ಅರಸನಿಲ್ಲ, ಮಣ್ಣಿನಿಂದ ಎದ್ದ ವಿಗ್ರಹವಿಲ್ಲ.

ಕಥೆ ಹೀಗಿದೆ. ಕುರುಕ್ಷೇತ್ರದ ಯುದ್ಧ ಮುಗಿದು ಪಾಂಡವರು ಸ್ವರ್ಗದ ದಾರಿ ಹಿಡಿದಿದ್ದಾರೆ. ದಾರಿಯಲ್ಲಿ ದ್ರೌಪದಿ ಮೂರ್ಛೆ ಹೋಗುತ್ತಾಳೆ. ಪಾಂಡವರು ಹಿಂತಿರುಗಿ ನೋಡದೆ ಮುಂದೆ ಹೋಗಿಬಿಡುತ್ತಾರೆ. ಅವಳು ಎಚ್ಚೆತ್ತಾಗ ಎದುರಿಗೆ ತಿಮಿರಾಸುರ ನಿಂತಿರುತ್ತಾನೆ. ತ್ರಿಪುರಾಸುರ ಎಂದು ಹೇಳುವವರೂ ಇದ್ದಾರೆ. ಆಗ ದ್ರೌಪದಿ ಆದಿಶಕ್ತಿಯಾಗಿ ನಿಂತು, ತನ್ನ ಒಂದೊಂದು ಅಂಗದಿಂದ ಒಂದೊಂದು ಹೊಣೆಯವರನ್ನು ಹುಟ್ಟಿಸುತ್ತಾಳೆ: ಗಣಾಚಾರಿ, ಗೌಡ, ಗಂಟೆ ಪೂಜಾರಿ. ಭುಜದಿಂದ ಬಂದವರು ಕತ್ತಿ ಹಿಡಿದ ವೀರಕುಮಾರರು. ಯುದ್ಧ ಗೆದ್ದ ಮೇಲೆ ಅವಳು ಹೊರಡಲು ಸಿದ್ಧಳಾದಾಗ ಈ ಮಕ್ಕಳು ಅಡ್ಡ ನಿಲ್ಲುತ್ತಾರೆ. ‘ಅಮ್ಮಾ, ನಮ್ಮನ್ನು ಬಿಟ್ಟು ಹೋಗಬೇಡ’ ಎನ್ನುತ್ತಾರೆ. ವರ್ಷಕ್ಕೆ ಮೂರು ದಿನ ನಿಮ್ಮ ಬಳಿಗೆ ಬರುತ್ತೇನೆ ಎಂದು ಮಾತು ಕೊಟ್ಟು ಹೋಗುತ್ತಾಳೆ.

ಈ ಕಥೆಯಲ್ಲಿ ಗುಡಿಗಿಂತ ಮೊದಲು ಸ್ಥಾಪನೆಯಾದವರು ಗುಡಿಯನ್ನು ನೋಡಿಕೊಳ್ಳುವವರು. ದೇವರು ನೆಲೆ ನಿಂತ ಮೇಲೆ ಯಾರೋ ಅರ್ಚಕರನ್ನು ನೇಮಿಸಿದ್ದಲ್ಲ. ಅರ್ಚಕ, ಯಜಮಾನ, ಕಾವಲುಗಾರ ಎಲ್ಲರೂ ಅವಳ ಮೈಯಿಂದಲೇ ಬಂದ ಮಕ್ಕಳು, ಹುಟ್ಟುವಾಗಲೇ ಕೆಲಸ ಹಂಚಿಕೊಂಡು ಬಂದವರು. ಇನ್ನೊಂದು ಸಂಗತಿಯೂ ಇದೆ. ದೇವಿ ಇಲ್ಲೇ ಇರುತ್ತೇನೆ ಎನ್ನಲಿಲ್ಲ, ಬಂದು ಹೋಗುತ್ತೇನೆ ಎಂದಳು. ಬರುವವಳಿಗೆ ಪ್ರತಿವರ್ಷ ಹೊಸದಾಗಿ ಜಾಗ ಸಿದ್ಧ ಮಾಡಬೇಕು. ಹಾಗಾಗಿ ಈ ಗುಡಿಯ ಸ್ಥಾಪನೆ ಒಂದು ಸಲ ನಡೆದು ಮುಗಿದ ಘಟನೆಯಲ್ಲ. ಹಸಿ ಮಣ್ಣು, ನೀರು, ಹೂವಿನಿಂದ ವರ್ಷವರ್ಷವೂ ಅದನ್ನು ಮಾಡಬೇಕು, ಮಾಡುತ್ತಾರೆ.

ತೋಟದವರು

ಗುಡಿಯ ಮನೆತನದವರು ತಿಗಳರು, ತಮ್ಮನ್ನು ವಹ್ನಿಕುಲ ಕ್ಷತ್ರಿಯರು ಎಂದು ಕರೆದುಕೊಳ್ಳುವವರು. ದ್ರುಪದನ ಯಜ್ಞಕುಂಡದ ಬೆಂಕಿಯಿಂದ ಎದ್ದವಳು ದ್ರೌಪದಿ; ಅಗ್ನಿಯ ಕುಲದವರಿಗೆ ಅವಳು ಕುಲದೇವತೆ. ತಮಿಳುನಾಡಿನ ಉತ್ತರ ಭಾಗದಲ್ಲಿ, ಅದರಲ್ಲೂ ಜಿಂಜಿಯ ಸುತ್ತಮುತ್ತ ದ್ರೌಪದಿ ಅಮ್ಮನ ಆರಾಧನೆ ಬಹಳ ಬಲವಾಗಿದೆ. ಅಲ್ಲಿ ಕೆಂಡ ಹಾಯುವುದು ಪ್ರಧಾನವಾದರೆ ಬೆಂಗಳೂರಿನಲ್ಲಿ ಕರಗ ಪ್ರಧಾನವಾಯಿತು. ಹೊಸಕೋಟೆ, ಮಾಲೂರು, ಕೋಲಾರ, ಆನೇಕಲ್ ಕಡೆಗಳಲ್ಲೂ ಕರಗ ನಡೆಯುತ್ತದೆ. ತಿಗಳರು ನೆಲೆಸಿದ ಊರುಗಳು ಇವು. ಕೆರೆಯ ಹಿಂದೆ ಸೊಪ್ಪು, ತರಕಾರಿ, ಹೂವು ಬೆಳೆಯುವ ಊರುಗಳೂ ಇವೇ.

1760ರಲ್ಲಿ ಹೈದರಾಲಿ ಲಾಲ್‌ಬಾಗ್ ಶುರು ಮಾಡಿದ ಕಾಲದಿಂದ ಅಲ್ಲಿನ ಕೆಲಸದಲ್ಲಿ ತಿಗಳರ ಕೈ ಇದೆ. ಪೇಟೆಯ ಪೂರ್ವಕ್ಕೆ, ಸಂಪಂಗಿ ಕೆರೆಯ ಆಸುಪಾಸಿನಲ್ಲಿ ಅವರ ತೋಟಗಳಿದ್ದವು. ಕೆರೆ ತುಂಬಿದರೆ ತೋಟ, ತೋಟವಿದ್ದರೆ ಮನೆ, ಮನೆಯಿದ್ದರೆ ಗುಡಿ. ದೇವಸ್ಥಾನಕ್ಕೆ ದೊಡ್ಡ ಭೂದಾನಗಳ ಆಸರೆ ಇಲ್ಲದಿದ್ದರೂ ನಡೆದದ್ದು ಈ ಸರಪಳಿಯಿಂದ.

ಯಾರ ಪಾಲಿಗೆ ಯಾವ ಕೆಲಸ

ಉತ್ಸವ ಚೈತ್ರ ಶುದ್ಧ ಸಪ್ತಮಿಯ ಹೊತ್ತಿಗೆ ಧ್ವಜಾರೋಹಣದಿಂದ ಶುರುವಾಗುತ್ತದೆ. ಹನ್ನೊಂದು ದಿನಗಳ ಕಾರ್ಯ. ನಡುವೆ ಆರತಿ ದೀಪ, ಹಸಿ ಕರಗ, ಹೊಂಗಲು ಸೇವೆ. ಹುಣ್ಣಿಮೆಯ ರಾತ್ರಿ ಕರಗ ಶಕ್ತ್ಯೋತ್ಸವ ಮತ್ತು ಧರ್ಮರಾಯನ ರಥ. ಆಮೇಲೆ ಗಾವು ಶಾಂತಿ, ಕೊನೆಗೆ ವಸಂತೋತ್ಸವ. ಹೊರಗಿನವರು ನೋಡುವುದು ಹುಣ್ಣಿಮೆಯ ಒಂದು ರಾತ್ರಿಯನ್ನು ಮಾತ್ರ. ಗುಡಿಯನ್ನು ನಡೆಸುವವರಿಗೆ ಉಳಿದ ಹತ್ತು ದಿನಗಳೂ ಅಷ್ಟೇ ಭಾರ.

ಕರಗ ಹೊರುವವರನ್ನೇ ಹತ್ತಿರದಿಂದ ನೋಡೋಣ. ಅವರು ಸಮುದಾಯದ ಪೂಜಾರಿ ಮನೆತನದವರು. ಉತ್ಸವದ ದಿನಗಳಲ್ಲಿ ಮನೆ ಬಿಟ್ಟು ವ್ರತದಲ್ಲಿರುತ್ತಾರೆ. ಹುಣ್ಣಿಮೆಯ ರಾತ್ರಿ ಅವರು ಅರಿಶಿನ ಬಣ್ಣದ ಸೀರೆ ಉಡುತ್ತಾರೆ. ಕೈತುಂಬ ಬಳೆ, ಹಣೆಗೆ ಕುಂಕುಮ, ಕೊರಳಲ್ಲಿ ತಮ್ಮ ಹೆಂಡತಿಯ ತಾಳಿ. ತಲೆಯ ಮೇಲೆ ಕರಗ. ಅದರ ಮೇಲೆ ಗೋಪುರದ ಹಾಗೆ ಎದ್ದು ಸುತ್ತಲೂ ಇಳಿಬಿದ್ದ ಮಲ್ಲಿಗೆ. ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಮಂತ್ರದಂಡ. ಎರಡು ಕೈಯಲ್ಲೂ ವಸ್ತುಗಳಿರುವುದರಿಂದ ಕರಗವನ್ನು ಹಿಡಿದುಕೊಳ್ಳುವ ಮಾತೇ ಇಲ್ಲ. ಬರೀ ಕತ್ತಿನ ಬಲ, ಬೆನ್ನಿನ ಹದ, ಹೆಜ್ಜೆಯ ಲಯದ ಮೇಲೆ ಇಡೀ ರಾತ್ರಿ ಪೇಟೆ ಸುತ್ತಬೇಕು. ಗಲ್ಲಿ ಕಿರಿದು, ಜನ ಲಕ್ಷಗಟ್ಟಲೆ, ಮಹಡಿಗಳಿಂದ ಮಲ್ಲಿಗೆಯ ಮಳೆ. ನೆಲದ ಮೇಲೆ ಬಿದ್ದ ಹೂವು ಕಾಲಡಿ ಜಾರುತ್ತದೆ.

ಅವರ ಸುತ್ತ ವೀರಕುಮಾರರು. ಬರಿಮೈ, ಕಚ್ಚೆ ಪಂಚೆ, ತಲೆಗೆ ಪೇಟ, ಕೈಯಲ್ಲಿ ಒರೆಯಿಂದ ಹೊರತೆಗೆದ ಕತ್ತಿ. ಅವರೂ ದೀಕ್ಷೆ ತೊಟ್ಟವರೇ. ಕರಗ ತಲೆಯಿಂದ ಜಾರಿದರೆ ಹೊತ್ತವರನ್ನು ಈ ಕತ್ತಿಗಳೇ ಮುಗಿಸಬೇಕು ಎಂಬ ಮಾತು ತಲೆತಲಾಂತರದಿಂದ ಇದೆ. ಈ ಮಾತಿನಲ್ಲಿ ಕೇಳುವವರಿಗೆ ಮೊದಲು ಕಾಣುವುದು ಕ್ರೌರ್ಯ. ನನಗೆ ಕಾಣುವುದು ಲೆಕ್ಕ ಕೇಳುವ ಅಧಿಕಾರ. ಆ ರಾತ್ರಿ ಕರಗ ಹೊತ್ತವರು ಸಾಕ್ಷಾತ್ ದೇವಿ, ಎಲ್ಲರೂ ಕೈಮುಗಿಯುವುದು ಅವರಿಗೆ. ಆದರೂ ಅವರು ಯಾರ ಅಂಕೆಗೂ ಮೀರಿದವರಲ್ಲ. ಕಾಯುವ ಕತ್ತಿಯೇ ಕೇಳುವ ಕತ್ತಿಯೂ ಹೌದು. ಗುಡಿಯಲ್ಲಿ ಅತಿ ದೊಡ್ಡ ಗೌರವ ಪಡೆಯುವವರ ಮೇಲೆ ಅತಿ ಕಟ್ಟುನಿಟ್ಟಿನ ಕಣ್ಣಿಡುವ ಈ ಏರ್ಪಾಡನ್ನು ಕಟ್ಟಿದವರ ಬುದ್ಧಿಗೆ ನಾನು ತಲೆಬಾಗುತ್ತೇನೆ.

ಗಂಟೆ ಪೂಜಾರಿಯ ಗಂಟೆ ನುಡಿಯದೆ ಕೆಲಸ ಮುಂದಕ್ಕೆ ಹೋಗದು. ಗಣಾಚಾರಿ, ಗೌಡ, ಚಕ್ರಿದಾರರು, ಕುಲಪುರೋಹಿತರು ಹೀಗೆ ಒಬ್ಬೊಬ್ಬರಿಗೂ ಒಂದೊಂದು ಘಟ್ಟ. ಒಬ್ಬರ ಕೆಲಸವನ್ನು ಇನ್ನೊಬ್ಬರು ಮಾಡುವಂತಿಲ್ಲ. ಒಬ್ಬರು ಮುನಿಸಿಕೊಂಡು ಕೂತರೆ ಉಳಿದವರೆಲ್ಲ ಹೋಗಿ ಕರೆತರಲೇಬೇಕು. ಆಡಳಿತದ ಕಣ್ಣಿಗೆ ಇದು ತೊಡಕಿನ ವ್ಯವಸ್ಥೆ. ಗುಡಿಯ ಬಾಳಿಕೆಯ ಕಣ್ಣಿನಿಂದ ನೋಡಿದರೆ ಇದಕ್ಕಿಂತ ಗಟ್ಟಿಯಾದದ್ದು ಇಲ್ಲ. ಒಂದು ಮನೆತನ ಬಡವಾದರೆ, ಊರು ಬಿಟ್ಟರೆ, ಜಗಳಕ್ಕೆ ಬಿದ್ದರೆ ಗುಡಿಯ ಒಂದು ಎಳೆ ಸಡಿಲವಾಗುತ್ತದೆಯೇ ಹೊರತು ಇಡೀ ಗುಡಿ ಕುಸಿಯುವುದಿಲ್ಲ.

ನೀರು ಹೋದಾಗ

ಪರೀಕ್ಷೆ ಬಂದದ್ದು ನೀರಿನ ಕಡೆಯಿಂದ. ಈ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಕಾಡುವ ಭಾಗವೂ ಇದೇ.

ಕರಗದ ಮೂಲ ಹಸಿ ಕರಗದಲ್ಲಿದೆ. ಹುಣ್ಣಿಮೆಗೆ ಎರಡು ದಿನ ಮುಂಚೆ ಪೂಜಾರಿ, ವೀರಕುಮಾರರು ಸಂಪಂಗಿ ಕೆರೆಯಂಗಳದ ಕರಗದ ಕುಂಟೆ ಎಂಬ ಚಿಕ್ಕ ಕೊಳಕ್ಕೆ ಹೋಗಿ, ಅಲ್ಲಿ ಪೂಜೆ ಮಾಡಿ, ದೇವಿಯನ್ನು ನೀರಿನಿಂದ ಎಬ್ಬಿಸಿ ಕರೆತರುತ್ತಾರೆ. ಕೆರೆಯ ಮಣ್ಣು, ಕೆರೆಯ ನೀರು ಇಲ್ಲದೆ ದೇವಿ ಇಲ್ಲ.

ಹಳೆಯ ಬೆಂಗಳೂರು ಬದುಕಿದ್ದೇ ಕೆರೆಗಳಿಂದ. ಸಂಪಂಗಿ ಕೆರೆ, ಧರ್ಮಾಂಬುಧಿ, ಸಿದ್ಧಿಕಟ್ಟೆ, ಕಾರಂಜಿ ಕೆರೆ. 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳವೆಯಲ್ಲಿ ನೀರು ಬಂತು. 1933ರಲ್ಲಿ ತಿಪ್ಪಗೊಂಡನಹಳ್ಳಿಯ ನೀರು ಅದರ ಜೊತೆ ಸೇರಿತು. ನಗರಕ್ಕೆ ಕೆರೆಗಳ ಹಂಗು ತಪ್ಪಿದ್ದೇ ತಡ, ಕೆರೆಯಂಗಳಗಳು ಖಾಲಿ ಜಾಗಗಳಾಗಿ ಕಾಣತೊಡಗಿದವು. ಧರ್ಮಾಂಬುಧಿಯ ಜಾಗದಲ್ಲಿ ಇಂದು ಮೆಜೆಸ್ಟಿಕ್ ಬಸ್ ನಿಲ್ದಾಣ. ಸಿದ್ಧಿಕಟ್ಟೆಯ ಜಾಗದಲ್ಲಿ ಕೃಷ್ಣರಾಜೇಂದ್ರ ಮಾರುಕಟ್ಟೆ, ಊರಿಗೆಲ್ಲ ಹೂವು ಮಾರುವ ಜಾಗ. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. 1997ರ ರಾಷ್ಟ್ರೀಯ ಕ್ರೀಡಾಕೂಟ ನಡೆದದ್ದು ಅಲ್ಲೇ.

ಕೆರೆ ಹೋಗುವ ಮುಂಚೆ ಜಗಳಗಳು ನಡೆಯದೆ ಇರಲಿಲ್ಲ. ನೀರು ನಿಲ್ಲಬೇಕು ಎನ್ನುವವರು ತೋಟಗಾರರು. ಕೆರೆ ಒಣಗಿದರೆ ಆಟಕ್ಕೆ ಒಳ್ಳೆಯ ಬಯಲು ಎನ್ನುವವರು ದಂಡಿನ (ಕಂಟೋನ್ಮೆಂಟಿನ) ಕಡೆಯ ಪೋಲೊ ಆಟಗಾರರು. ಇಟ್ಟಿಗೆಗೆ ಕೆರೆಯ ಮಣ್ಣು ಬೇಕೆನ್ನುವವರು ಬೇರೆ. ತೋಟಗಾರರ ಮಾತು ನಡೆಯಲಿಲ್ಲ. ನೀರು ಹೋದ ಮೇಲೆ ತೋಟಗಳೂ ಹೋದವು. ತಿಗಳರ ಮಕ್ಕಳು ಬೇರೆ ಬೇರೆ ಕಸುಬು ಹಿಡಿದರು.

ಉಳಿದದ್ದು ಕ್ರೀಡಾಂಗಣದ ಪಕ್ಕದ ಒಂದು ಚಿಕ್ಕ ಕೊಳ. ಒಂದು ಕಾಲಕ್ಕೆ ದಡ ಕಾಣದಂತೆ ಹರಡಿದ್ದ ಕೆರೆಗೆ ಈಗ ಉಳಿದಿರುವ ಗುರುತು ಅಷ್ಟೇ. ಆ ಚೂರು ಉಳಿದದ್ದಾದರೂ ಯಾಕೆ? ಕುಡಿಯುವ ನೀರಿಗಾಗಿ ಅಲ್ಲ, ತೋಟಕ್ಕಾಗಿ ಅಲ್ಲ, ಪರಿಸರದ ಕಾಳಜಿಯಿಂದಲೂ ಅಲ್ಲ. ಹಸಿ ಕರಗಕ್ಕೆ ಇದೇ ಜಾಗ ಬೇಕು ಎಂದು ಗುಡಿಯವರು ಪ್ರತಿವರ್ಷ ಅಲ್ಲಿಗೇ ಬಂದು ನಿಲ್ಲುತ್ತಿದ್ದರಿಂದ. ವರ್ಷದಲ್ಲಿ ಒಂದು ರಾತ್ರಿಯ ಹಾಜರಿ ಆ ನೀರಿಗೆ ಹಕ್ಕುಪತ್ರವಾಯಿತು. ಗುಡಿಗಳ ಪಾಲಕರು ಎಂದಾಗ ನಾವು ಗರ್ಭಗುಡಿ, ಹುಂಡಿ, ಒಡವೆಗಳ ಕಾವಲನ್ನಷ್ಟೇ ನೆನೆಯುತ್ತೇವೆ. ಇಲ್ಲಿ ಗುಡಿಯ ಜನ ಕಾಯ್ದುಕೊಂಡು ಬಂದದ್ದು ಗುಡಿಯಿಂದ ದೂರದಲ್ಲಿರುವ ಒಂದು ಹೊಂಡವನ್ನು, ಇಡೀ ಹಳೆಯ ಬೆಂಗಳೂರಿನ ನೀರಿನ ನೆನಪನ್ನು.

ಆದರೆ ಕೆರೆಯನ್ನು ಉಳಿಸುವಷ್ಟು ಬಲ ಈ ವ್ಯವಸ್ಥೆಗೆ ಇರಲಿಲ್ಲ ಎನ್ನುವುದನ್ನೂ ಹೇಳಲೇಬೇಕು. ಆಚರಣೆಗೆ ಬೇಕಾದಷ್ಟು ನೀರು ಉಳಿಯಿತು, ಬದುಕಿಗೆ ಬೇಕಾದ ನೀರು ಹೋಯಿತು. ಇದನ್ನು ಗೆಲುವು ಎಂದು ಬರೆಯಲು ನನಗೆ ಮನಸ್ಸು ಒಪ್ಪುವುದಿಲ್ಲ.

ಎರಡು ಇತ್ತೀಚಿನ ಸಂದರ್ಭಗಳು

2020ರ ಚೈತ್ರ ಹುಣ್ಣಿಮೆ ಬಂದದ್ದು ಏಪ್ರಿಲ್ ಮೊದಲ ಭಾಗದಲ್ಲಿ, ದೇಶವೇ ಬೀಗ ಹಾಕಿಕೊಂಡಿದ್ದ ದಿನಗಳಲ್ಲಿ. ಲಕ್ಷಾಂತರ ಜನ ಸೇರುವ ರಾತ್ರಿ ಸಾಧ್ಯವೇ ಇರಲಿಲ್ಲ. ಆಗ ಕರಗ ಗುಡಿಯ ಆವರಣದೊಳಗೆ ಬೆರಳೆಣಿಕೆಯ ಜನರ ನಡುವೆ ನಡೆಯಿತು. 2021ರಲ್ಲೂ ಹಾಗೆಯೇ. 2022ರಲ್ಲಿ ಮತ್ತೆ ಬೀದಿಗೆ ಬಂತು. ಮೆರವಣಿಗೆ, ಜನ, ದೀಪಾಲಂಕಾರ ಎಲ್ಲ ಬಿಟ್ಟರೂ ಕರಗ ಕರಗವೇ ಆಗಿ ಉಳಿಯಿತು. ಬಿಡಲಾಗದವರು ಯಾರು ಎಂಬುದು ಆ ಎರಡು ವರ್ಷಗಳಲ್ಲಿ ಸ್ಪಷ್ಟವಾಗಿ ಕಂಡಿತು: ಕರಗ ಹೊರುವವರು, ಗಂಟೆ ಪೂಜಾರಿ ಮುಂತಾದ ಪಾಲುದಾರರು. ಉಳಿದದ್ದೆಲ್ಲ ಇದ್ದರೆ ಚೆಂದ, ಇಲ್ಲದಿದ್ದರೂ ನಡೆಯುತ್ತದೆ.

ಎರಡನೆಯದು ದರ್ಗಾದ ವಿಷಯ. ಕರಗ ಪೇಟೆ ಸುತ್ತುವಾಗ ಕಾಟನ್‌ಪೇಟೆಯ ಹಜರತ್ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಹೋಗಿ ಬರುವುದು ರೂಢಿ. ಕೋಟೆ ಆಂಜನೇಯ, ಅಣ್ಣಮ್ಮ ದೇವಿಯ ಹಾಗೆ ದರ್ಗಾವೂ ದಾರಿಯ ಒಂದು ಘಟ್ಟ. 2022ರಲ್ಲಿ ಈ ಭೇಟಿ ಬೇಡ ಎಂಬ ಒತ್ತಾಯ ಹೊರಗಿನಿಂದ ಬಂತು. ಗುಡಿಯವರು ತಮ್ಮ ರೂಢಿ ಬಿಡಲಿಲ್ಲ, ದರ್ಗಾದವರು ಎಂದಿನಂತೆ ಬರಮಾಡಿಕೊಂಡರು. ಕರಗ ಹೋಯಿತು, ಬಂತು. ಗುಡಿಯ ಸಂಪ್ರದಾಯ ಯಾವುದು ಎಂದು ಹೇಳುವ ಹಕ್ಕು ಯಾರದು ಎಂಬ ಪ್ರಶ್ನೆಗೆ ಇದಕ್ಕಿಂತ ಸ್ಪಷ್ಟ ಉತ್ತರ ಬೇಡ. ವ್ರತ ಹಿಡಿದವರದು, ಕತ್ತಿ ಹೊತ್ತವರದು, ವರ್ಷವರ್ಷ ದುಡಿದವರದು. ದೂರದಲ್ಲಿ ನಿಂತು ಸಂಪ್ರದಾಯದ ಪಾಠ ಹೇಳುವವರದಲ್ಲ. ಈ ವಿಷಯದಲ್ಲಿ ನನಗೆ ಎರಡು ಅಭಿಪ್ರಾಯವಿಲ್ಲ.

ಕಾಯ್ದೆಯ ಕಣ್ಣಿಗೆ ಕಾಣುವವರು

ರಾಜ್ಯದ 1997ರ ಹಿಂದೂ ಧಾರ್ಮಿಕ ಸಂಸ್ಥೆಗಳು ಮತ್ತು ಧರ್ಮಾದಾಯ ದತ್ತಿಗಳ ಕಾಯ್ದೆ ದೇವಸ್ಥಾನವನ್ನು ನೋಡುವ ರೀತಿ ಬೇರೆ. ಅದಕ್ಕೆ ಗೊತ್ತಿರುವುದು ಅರ್ಚಕ, ಕಾರ್ಯನಿರ್ವಹಣಾಧಿಕಾರಿ, ಒಂಬತ್ತು ಜನರ ವ್ಯವಸ್ಥಾಪನಾ ಸಮಿತಿ. ಸಮಿತಿಯಲ್ಲಿ ಪರಿಶಿಷ್ಟರಿಗೆ, ಇಬ್ಬರು ಮಹಿಳೆಯರಿಗೆ, ಸ್ಥಳೀಯರಿಗೆ ಜಾಗ ಇಟ್ಟಿರುವುದು ಒಳ್ಳೆಯದೇ. ಲೆಕ್ಕಪತ್ರ ನೆಟ್ಟಗಿರಬೇಕಾದರೆ ಇಂಥ ಚೌಕಟ್ಟು ಬೇಕು. ಕರಗದಂಥ ಉತ್ಸವಕ್ಕೆ ಪೊಲೀಸ್ ಬಂದೋಬಸ್ತು, ರಸ್ತೆ, ದೀಪ, ನೀರು ಒದಗಿಸಲು ಸರ್ಕಾರ, ಪಾಲಿಕೆ ಕೈಜೋಡಿಸಲೇಬೇಕು.

ತೊಡಕು ಹುಟ್ಟುವುದು ಹಣ ಮತ್ತು ಹೊಣೆ ಬೇರೆ ಬೇರೆ ದಾರಿ ಹಿಡಿದಾಗ. ಹಣ ಸಮಿತಿಯ ಮೂಲಕ ಬರುತ್ತದೆ, ಹೊಣೆ ಮನೆತನಗಳಲ್ಲಿ ಉಳಿಯುತ್ತದೆ. ಸಮಿತಿಯ ಸದಸ್ಯರ ಅವಧಿ ಮುಗಿಯುತ್ತದೆ, ಗಂಟೆ ಪೂಜಾರಿಯ ಮನೆತನದ ಅವಧಿ ಮುಗಿಯುವುದಿಲ್ಲ. ಹಂಚಿದ ಹೊಣೆಯೇ ಈ ಗುಡಿಯ ಜೀವ ಎಂದಾದರೆ, ಆ ಹಂಚಿಕೆಯನ್ನು ಗುಡಿಯ ಆಸ್ತಿಪಟ್ಟಿಯಷ್ಟೇ ಜೋಪಾನವಾಗಿ ಬರೆದಿಡಬೇಕು: ಯಾವ ಘಟ್ಟಕ್ಕೆ ಯಾವ ಮನೆ, ಆ ಮನೆಯ ಮುಂದಿನ ತಲೆಮಾರಿನಲ್ಲಿ ಕಲಿಯುತ್ತಿರುವವರು ಯಾರು, ಯಾವ ಜಾಗದ ನೀರು, ದಾರಿಯಲ್ಲಿ ಯಾವ ಯಾವ ಗುಡಿ, ದರ್ಗಾ, ಮನೆ. ಗುಟ್ಟಾಗಿ ಇರಬೇಕಾದ ಮಂತ್ರ, ವಿಧಿ ಅವರಲ್ಲೇ ಇರಲಿ. ಬರೆಯಬೇಕಾದದ್ದು ಹೊಣೆಯ ನಕ್ಷೆಯನ್ನು ಮಾತ್ರ. ಪೇಟೆಯ ಮನೆಗಳು ಗೋದಾಮುಗಳಾಗಿ, ತಿಗಳರ ಕುಟುಂಬಗಳು ನಗರದ ಅಂಚುಗಳಿಗೆ ಸರಿಯುತ್ತಿರುವಾಗ ಈ ಕೆಲಸವನ್ನು ಇನ್ನೂ ಮುಂದೂಡುವುದು ಸರಿಯಲ್ಲ.

ಅಂಥ ಪಟ್ಟಿ ಮಾಡುವಾಗ ಮರೆತುಹೋಗುವ ಅಪಾಯ ಹೆಚ್ಚಿರುವವರು ಒಬ್ಬರಿದ್ದಾರೆ: ಕರಗ ಹೊರುವವರ ಹೆಂಡತಿ. ಗಂಡ ದೇವಿಯಾಗುವ ದಿನಗಳಲ್ಲಿ ಆಕೆ ತನ್ನ ತಾಳಿಯನ್ನು ಬಿಚ್ಚಿ ಕೊಡುತ್ತಾಳೆ. ಗಂಡನ ಕಣ್ಣಿಗೆ ಬೀಳದೆ ದೂರ ಇರುತ್ತಾಳೆ, ಊರೆಲ್ಲ ನೋಡುವ ಕರಗವನ್ನು ತಾನು ನೋಡುವುದಿಲ್ಲ. ಉತ್ಸವ ಮುಗಿದ ಮೇಲೆ ಗಂಡ ಮತ್ತೆ ತಾಳಿ ಕಟ್ಟುತ್ತಾನೆ. ವ್ರತದ ಕಟ್ಟುಪಾಡು ಗಂಡನಿಗೆ ಎಷ್ಟೋ ಆಕೆಗೂ ಅಷ್ಟೇ, ಆದರೆ ಮಲ್ಲಿಗೆ ಬೀಳುವುದು ಒಬ್ಬರ ಮೇಲೆ. ಆಕೆಯ ಒಪ್ಪಿಗೆಯಿಲ್ಲದೆ, ಆಕೆಯ ತಾಳಿಯಿಲ್ಲದೆ ಆ ರಾತ್ರಿ ದೇವಿಯ ಅಲಂಕಾರ ಪೂರ್ತಿಯಾಗದು. ಗುಡಿಯ ಪಾಲುದಾರರ ಪಟ್ಟಿಯಲ್ಲಿ ಗಣಾಚಾರಿ, ಗೌಡ, ಗಂಟೆ ಪೂಜಾರಿಯವರ ಸಾಲಿನಲ್ಲೇ ಆಕೆಯ ಪಾಲನ್ನೂ ಬರೆಯಬೇಕು.